ಡೆನ್‌ಜಿಲ್ ಮಾಮ ಮರೆತ ಸಾಲು

ನಮ್ಮ ಕೆಂಟಕಿ ಕಣಿವೆಯ ಚರ್ಚಿನಲ್ಲಿ ವಾದ್ಯವಿಲ್ಲ, ತಂತಿ ಮೀಟುವುದೇ ಪಾಪ. ಸಭೆಯ ಹಿರಿಯರಾದ ಡೆನ್‌ಜಿಲ್ ಮಾಮ ಒಂದೊಂದೇ ಸಾಲು ಹೇಳಿಕೊಡುತ್ತಾರೆ, ನಾವು ಎಳೆದೆಳೆದು ಹಾಡುತ್ತೇವೆ. ಬಟ್ಟೆ ಒಣಹಾಕುವ ತಂತಿ ಗಾಳಿಗೆ ಗುಂಯ್ ಅಂದರೂ ಅವರು "ಸೈತಾನನ ಬ್ಯಾಂಜೊ!" ಎಂದು ಮುಖ ಗಂಟಿಕ್ಕುತ್ತಾರೆ. ಮೆಕ್ಕೆಜೋಳ ಸುಲಿಯುವಾಗ ಪ್ರೇಮದ ಲಾವಣಿ ಹಾಡಿದಳೆಂದು ನನ್ನ ಅಮ್ಮ ಓರ್ಲೀನಾಳನ್ನು ಸಭೆಯಿಂದ ಹೊರಹಾಕಿಸಿದವರೂ ಅವರೇ. ಅಮ್ಮ ಹೊರಗಿನವಳಾಗಿಯೇ ಸತ್ತಳು. ಈಗ ಮಾಮ ಪ್ರತಿ ಭಾನುವಾರ ಅದೇ ಲಾವಣಿಯ ರಾಗದಲ್ಲಿ ಯೇಸುವಿನ ಹಾಡು ಹೇಳಿಕೊಡುತ್ತಾರೆ. ಇವತ್ತು ಮಗುವನ್ನು ಸೊಂಟಕ್ಕೇರಿಸಿಕೊಂಡು ಕೇಳಿಯೇಬಿಟ್ಟೆ: "ರಾಗ ಚರ್ಚಿನೊಳಗೆ ಬಂತಲ್ಲ ಮಾಮ, ಅಮ್ಮನ ಹೆಸರನ್ನೂ ಸಭೆಯ ಪಟ್ಟಿಗೆ ಮತ್ತೆ ಸೇರಿಸ್ಕೊಳ್ಳಿ." "ಅವಳೇ ಬಂದು ತಪ್ಪೊಪ್ಕೋಬೇಕಿತ್ತು ಕಣಮ್ಮ," ಅಂದರು. ಆಮೇಲೆ ದನಿ ತಗ್ಗಿಸಿ, "ಮೂರನೇ ಸಾಲನ್ನ ಅವ್ಳು ಹ್ಯಾಗೆ ಮೇಲಕ್ಕೆತ್ತುತ್ತಿದ್ಲು? ನಂಗೆ ಬರ್ತಿಲ್ಲ, ಒಂಚೂರು ಹೇಳ್ಕೊಡು." ನಾನು ಹೇಳಿಕೊಡಲಿಲ್ಲ. ಮನೆಗೆ ಬಂದು ಬಾಗಿಲು ಹಾಕಿ, ಆ ಮೂರನೇ ಸಾಲನ್ನು ಮಗುವಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹಾಡಿದೆ.