ನುಣ್ಣನೆಯ ಅಂಗೈ

‘ಎಲ್ಲಿ, ಕೈ ತೋರ್ಸು’ ಎಂದೆ. ಕೆಲಸ ಕೇಳಿಕೊಂಡು ಬನ್ನೂರಿನಿಂದ ಬಸ್ಸಿನಲ್ಲಿ ಬಂದಿದ್ದ ಆತ ಎರಡೂ ಅಂಗೈ ಚಾಚಿದ. ತೊಂಬತ್ತರ ದಶಕದಲ್ಲಿ ನಂಜನಗೂಡಿನಲ್ಲಿ ಸಣ್ಣಪುಟ್ಟ ಮನೆ ಕಟ್ಟಿಸುವ ಕಂಟ್ರಾಕ್ಟರ್ ಆಗಿದ್ದ ನಾನು ಆಳುಗಳನ್ನು ಆರಿಸುತ್ತಿದ್ದುದೇ ಹೀಗೆ. ಅಂಗೈ ಜಡ್ಡುಗಟ್ಟಿರದಿದ್ದರೆ ಕೆಲಸವಿಲ್ಲ. ಆತನ ಕೈ ನುಣ್ಣಗಿತ್ತು, ಗೆರೆಗಳೂ ಸವೆದುಹೋಗಿದ್ದವು. ಗಾರೆಯವರಿಗೆಲ್ಲ ಕೇಳುವಂತೆ ನಕ್ಕೆ: ‘ಇದೇನ್ಲಾ, ದುಡಿಯೋನ್ ಕೈಯೋ, ಮದುವೆ ಹೆಣ್ಣಿನ್ ಕೈಯೋ?’

ಎಲ್ಲರೂ ನಕ್ಕರು. ಆತ ನಗಲಿಲ್ಲ.

‘ಮೊಸಾಯಿಕ್ ನೆಲ ಉಜ್ಜೋನು ಸಾ ನಾನು. ನೀರಲ್ಲಿ ಕಲ್ಲಿಡ್ಕಂಡು ಉಜ್ಜಿ ಉಜ್ಜಿ ಕೈ ಚರ್ಮನೂ ಪಾಲೀಸ್ ಆಗೋಯ್ತದೆ. ಓದ ವರ್ಸ ನಿಮ್ಮನೆ ನಡುಮನೆ ಉಜ್ಜಿದ್ದೂ ನಾನೇಯ.’

ಕೈ ಹಿಂದಕ್ಕೆಳೆದುಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದುಬಿಟ್ಟ. ಕೂಗಿದೆ, ತಿರುಗಿ ನೋಡಲಿಲ್ಲ. ನನ್ನ ಮನೆಯಲ್ಲಿ ವಾರವಿಡೀ ದುಡಿದವನು. ನೆಲಕ್ಕೆ ಬಾಗಿದ ಬೆನ್ನು ಬಿಟ್ಟರೆ ನಾನು ಆತನ ಮುಖವನ್ನೇ ನೋಡಿರಲಿಲ್ಲ.

ಆ ನೆಲ ಇಂದಿಗೂ ಮುಖ ಕಾಣುವಷ್ಟು ಹೊಳೆಯುತ್ತದೆ. ಬಂದವರು ‘ಯಾರ ಕೈಲಿ ಮಾಡಿಸಿದ್ರಿ?’ ಎಂದು ಕೇಳುತ್ತಾರೆ. ಮಾತು ತಿರುಗಿಸುತ್ತೇನೆ. ಅವತ್ತು ಆತನ ಕೈ ನೋಡಿದೆನೇ ಹೊರತು ಹೆಸರು ಕೇಳಿರಲಿಲ್ಲ.