ಅರ್ಧ ಸೌಟಿನ ಮನೆ

ಆಸ್ಪತ್ರೆಯ ಲಾಂಡ್ರಿಯಲ್ಲಿ ದುಡಿಯುತ್ತಿದ್ದ ಆ ಮನೆಯ ಹಿರಿಸೊಸೆಯನ್ನು ಅಕ್ಕಪಕ್ಕದವರು ಗುಡುಗಮ್ಮ ಎನ್ನುತ್ತಿದ್ದರು. "ಆಸ್ಪತ್ರೆ ಬಟ್ಟೆ ಒಗೆಯೋಕೆ ಅವಳಿಗೆ ಮಷೀನು ಯಾಕೆ? ಎರಡು ಬೈದರೆ ಸಾಕು, ಕೊಳೆ ತಾನಾಗೇ ಬಿಡುತ್ತೆ" ಎಂದು ನಗುತ್ತಿದ್ದರು. ನಗುವವರಿಗೇನು! ಬಂದ ಹೊಸದರಲ್ಲಿ ಅವಳ ಬಾಯಿಂದ ಒಂದು ಮಾತು ಹೊರಡಿಸುವುದೇ ಹರಸಾಹಸವಾಗಿತ್ತು ಎಂಬುದು ಅವರಿಗೆ ಮರೆತೇ ಹೋಗಿತ್ತು.

ಆಗ ಅವಳು ಬಸುರಿ. ಬಡಿಸುವ ಸೌಟು ಅತ್ತೆಯ ಕೈಯಲ್ಲಿ.

"ಹೊಟ್ಟೆಯಲ್ಲಿರೋದು ಒಂದೇ ಜಾಗ. ಅದನ್ನ ನೀನು ತುಂಬಿಸ್ಕೊಂಡ್ರೆ ಕೂಸು ಎಲ್ಲಿ ಕಾಲು ಚಾಚಬೇಕು? ಕಮ್ಮಿ ತಿಂದ್ರೆ ಸಣ್ಣ ಕೂಸು, ಸಲೀಸು ಹೆರಿಗೆ" ಎಂದು ಅತ್ತೆ ಅರ್ಧ ಸೌಟು ಬಡಿಸುವಳು. ಇವಳು ತಲೆ ತಗ್ಗಿಸಿ ಅಷ್ಟನ್ನೇ ಉಂಡಳು. ಹೆರಿಗೆ ಸಲೀಸಾಗಿಯೇ ಆಯಿತು. ಕೂಸು ಮಾತ್ರ ಅಳುವುದಕ್ಕೂ ತ್ರಾಣವಿಲ್ಲದೆ, ಮೊಲೆ ಹಿಡಿಯದೆ ಕಣ್ಣು ಮುಚ್ಚಿತು. ಆಸ್ಪತ್ರೆಯ ದಾದಿ ಕೈ ಹಿಡಿದು ಹೇಳಿದ್ದು ಅಂದೇ: ಊಟದ ಚೀಲ ಬೇರೆ, ಕೂಸಿನ ಚೀಲ ಬೇರೆ. ತಾಯಿಯ ರಕ್ತದ ಸಾರ ಗರ್ಭಕ್ಕೆ ಅಂಟಿದ ಮಾಸಿನಿಂದ ಹೊಕ್ಕುಳಬಳ್ಳಿಗೆ ಇಳಿದು ಕೂಸನ್ನು ಬೆಳೆಸುತ್ತದೆ. ಉಸಿರೂ ಅದೇ ದಾರಿಯಲ್ಲಿ. ಸಾಲದೆ ಬಂದರೆ ಕೂಸು ತಾಯಿಯ ಎಲುಬಿನಿಂದಲೂ ಎಳೆದುಕೊಳ್ಳುತ್ತದೆ. ಇದನ್ನು ಅತ್ತೆಗೆ ಹೇಳಿದರೆ, "ಆ ದಾದಿ ಹೆತ್ತಿದ್ದಾಳಾ? ನಾನು ಹೆತ್ತಿದ್ದೀನಿ" ಎಂದು ಬಾಯಿ ಮುಚ್ಚಿಸಿದಳು.

ಗಂಡ ತೀರಿಕೊಂಡ ಮೇಲೂ ಹಿರಿಸೊಸೆ ಆ ಮನೆಗೇ ದುಡಿದು ಹಾಕುತ್ತಾ ಉಳಿದಳು. ಮೈದುನನ ಮದುವೆಯಾಯಿತು, ಓರಗಿತ್ತಿ ಬಸುರಾದಳು, ಸೌಟು ಮತ್ತೆ ಅರ್ಧಕ್ಕಿಳಿಯಿತು. ಗುಡುಗು ಶುರುವಾದದ್ದು ಆವತ್ತು. ಹಿರಿಸೊಸೆ ಮನೆಯಲ್ಲಿದ್ದಷ್ಟು ಹೊತ್ತು ಸೌಟು ತುಂಬುತ್ತಿತ್ತು. ಲಾಂಡ್ರಿಗೆ ಹೊರಟಳೋ, ಅಡುಗೆಮನೆಯ ಕಪಾಟಿಗೆ ಬೀಗ.

ಒಂದು ಸಂಜೆ ಅತ್ತೆ ಓರಗಿತ್ತಿಯ ಮಂಚದ ಪಕ್ಕದ ಗೋಡೆ ತೋರಿಸಿ, "ಇಲಿ ಕೆರೀತಾ ಇದೆ, ಬೋನು ತಗೊಂಡು ಬಾ" ಎಂದಳು. ಸುಣ್ಣ ಕಿತ್ತುಹೋಗಿದ್ದುದು ದಿಂಬಿನ ಮೇಲ್ಗಡೆ, ಮಲಗಿದವರ ಕೈಗೆ ಎಟುಕುವಲ್ಲಿ. ಹಿರಿಸೊಸೆ ಓರಗಿತ್ತಿಯ ಕೈ ತಿರುಗಿಸಿ ನೋಡಿದಳು. ಉಗುರಿನ ಸಂದಿಯೆಲ್ಲ ಬಿಳಿ.

"ತಿಂದ್ಯೇನೇ?"

"ಹಸಿವು ತಡೆಯೋಕಾಗಲ್ಲ ಅಕ್ಕಾ. ಇದನ್ನ ಕಂಡ್ರೆ ಆಸೆ ಬೇರೆ ಆಗುತ್ತೆ."

ಹಿರಿಸೊಸೆ ಅತ್ತೆಯತ್ತ ತಿರುಗಿದಳು.

"ಬೋನು ಬೇಡ ಅತ್ತೆ, ಕಪಾಟಿನ ಬೀಗ ತೆಗೀರಿ! ಇವಳು ಗೋಡೆ ತಿಂತಾ ಇದಾಳೆ, ಕೂಸು ಇವಳನ್ನ ತಿಂತಾ ಇದೆ. ನನ್ನದನ್ನ ಮಣ್ಣಿಗೆ ಹಾಕಿದ್ದು ಸಾಲಲಿಲ್ವಾ?"

"ನಿನ್ನ ಹಣೆಬರಹಕ್ಕೆ ನನ್ನನ್ನ ಬೈಬೇಡ. ಈ ಮನೇಲಿ ಸೌಟು ನನ್ನದು."

"ಇಟ್ಕೊಳ್ಳಿ. ಸೌಟು ನಿಮಗೆ, ಹುಡುಗಿ ನನಗೆ."

ಇಬ್ಬರ ಬಟ್ಟೆಯನ್ನೂ ಒಂದೇ ಚೀಲಕ್ಕೆ ತುರುಕಿದಳು. ಮೈದುನ ಬಾಗಿಲಲ್ಲಿ ಕಂಬದ ಹಾಗೆ ನಿಂತಿದ್ದ.

"ಎಲ್ಲಿಗೆ ಅತ್ತಿಗೆ?"

"ಲಾಂಡ್ರಿ ಹಿಂದೆ ಬಾಡಿಗೆ ಕೋಣೆ ಇದೆ. ಅಪ್ಪ ಆಗೋನು ನೀನೇ ತಾನೆ? ಚೀಲ ಹಿಡ್ಕೋ. ಆಗದಿದ್ರೆ ಅಮ್ಮನ ಸೆರಗು ಹಿಡ್ಕೊಂಡು ಇಲ್ಲೇ ಕೂತಿರು."

ಅವನು ಅಮ್ಮನ ಮುಖ ನೋಡಿದ, ಹೆಂಡತಿಯ ಉಗುರು ನೋಡಿದ, ಚೀಲ ಎತ್ತಿಕೊಂಡ.

"ಇಷ್ಟೆಲ್ಲಾ ಮಾಡಿದ್ದು ಯಾರಿಗೋಸ್ಕರ?" ಅತ್ತೆಯ ದನಿ ಬೆನ್ನ ಹಿಂದೆ ಒಡೆಯಿತು. ಹಿರಿಸೊಸೆ "ಮೆಲ್ಲಗೆ ಕಣೇ, ಮೆಟ್ಟಿಲು ಕಡಿದು" ಎನ್ನುತ್ತಾ ಓರಗಿತ್ತಿಯ ರಟ್ಟೆ ಹಿಡಿದು ಇಳಿದಳು. ಆ ಮನೆಗೆ ಅವಳು ಮತ್ತೆ ಕಾಲಿಡಲಿಲ್ಲ.