ಮತ್ತಿ ಟೊಂಗೆ ಬರುವ ತನಕ

ಅರಬೈಲ್ ಘಟ್ಟದಲ್ಲಿ ಧರೆ ಕುಸಿದು ಅರ್ಧ ರಸ್ತೆ ಕಣಿವೆಯ ಪಾಲಾದ ಮೇಲೆ, ಗಾಡಿಗಳನ್ನು ಒಮ್ಮೆ ಮೇಲಿನಿಂದ, ಒಮ್ಮೆ ಕೆಳಗಿನಿಂದ ಬಿಡಲು ಗುತ್ತಿಗೆದಾರ ಬಾವುಟದವರನ್ನು ನಿಲ್ಲಿಸಿದ. ಮೇಲಿನ ಗೇಟಿಗೆ ಯಲ್ಲಾಪುರದ ಶೌಕತ್. ಲಾರಿ ಕ್ಲೀನರಾಗಿ ಬೈಗುಳ ತಿಂದೇ ವಯಸ್ಸಾದವನು; ಈಗ ಅವನು ಕೈ ಎತ್ತಿದರೆ ಎಂಥ ಟ್ರಕ್ಕೂ ಬುಸ್ಸೆಂದು ನಿಲ್ಲಬೇಕು.

ನಿಲ್ಲದವರೂ ಇದ್ದರು. ಮೊದಲ ಮಳೆಗಾಲದಲ್ಲೇ ಟ್ಯಾಂಕರಿನವನೊಬ್ಬ ಕೆಳಗಿನ ಗೇಟಿನ ಬಾವುಟದವನ ಕಪಾಳಕ್ಕೆ ಬಿಗಿದು, ಕಾಲ ಮೇಲೆ ಚಕ್ರ ಹತ್ತಿಸಿ ಹೋದ. "ಅಡ್ಡ ನಿಂತಿದ್ದು ಅವನದೇ ತಪ್ಪು" ಎಂದ ಗುತ್ತಿಗೆದಾರ. ಅಂದು ಎರಡೂ ತುದಿಯವರು ಕೆಂಪು ಬಾವುಟ ನೆಟ್ಟು ಕೂತುಬಿಟ್ಟರು. ಸಂಘ ಹುಟ್ಟಿದ್ದು ಹಾಗೆ, ರಕ್ತದ ಮೇಲೆ. ವಿಮಾನ ಇಳಿಸುವವರು ಸಂಘ ಕಟ್ಟಿದರೆ ಹಕ್ಕು. ಘಟ್ಟದಲ್ಲಿ ಲಾರಿ ಇಳಿಸುವವರು ಕಟ್ಟಿದರೆ ಪುಂಡಾಟವಂತೆ!

ವರ್ಷಕ್ಕೊಮ್ಮೆ ಕೈಯೆತ್ತಿ ಅಧ್ಯಕ್ಷನನ್ನು ಆರಿಸುವುದು ಸಂಘದ ನಿಯಮ. ಆದರೆ ಗೇಟಿನಲ್ಲಿ ಅಧ್ಯಕ್ಷನ ಮಾತೂ ನಡೆಯದು, ಬಾವುಟ ಹಿಡಿದವನದೇ ಕೊನೆಯ ಮಾತು. ತಿರುವುಗಳಲ್ಲಿ ಫೋನು ಸಿಗುವುದಿಲ್ಲ. ಹಾಗಾಗಿ ಕೆಳಗಿನಿಂದ ಬರುವ ಕೊನೆಯ ಗಾಡಿಯ ಬೆನ್ನಿಗೆ ಸಂಘದ ಹುಡುಗ ಮಂಜ ತನ್ನ ಬೈಕಿಗೆ ಮತ್ತಿ ಮರದ ಟೊಂಗೆ ಸಿಕ್ಕಿಸಿಕೊಂಡು ಬರುತ್ತಿದ್ದ. ಆ ಟೊಂಗೆ ಕಾಣದೆ ಮೇಲಿನ ಗೇಟು ತೆರೆಯುವಂತಿಲ್ಲ.

ಈ ವರ್ಷ ಅಧ್ಯಕ್ಷನಾದವ ಮನೋಹರ. ಗೆದ್ದದ್ದೇ ತಡ, ಗುತ್ತಿಗೆದಾರನ ಜೀಪಿನ ಮುಂದಿನ ಸೀಟು ಹಿಡಿದ. ದೀಪಾವಳಿ ಕಳೆದ ಒಂದು ಮಧ್ಯಾಹ್ನ ಅದೇ ಜೀಪಿನಿಂದ ಇಳಿದ. ಹಿಂದೆ ಗುತ್ತಿಗೆದಾರನ ಟಿಪ್ಪರು.

"ಬಿಡೋ ಶೌಕತ್, ಅರ್ಜೆಂಟದೆ."

"ಟೊಂಗೆ ಬರ್ಲಿಲ್ಲ ಮಾರಾಯ."

"ಎಂತದು ಟೊಂಗೆ? ನೀ ಎಂತ ವಿಮಾನ ಇಳಿಸ್ತಾ ಇದ್ಯನೋ?"

"ವಿಮಾನ ಆದ್ರೆ ಮೇಲಾದ್ರೂ ಸುತ್ತಾ ಇರ್ತದೆ. ಮಂಜ ಎಲ್ಲಿ ಸುತ್ತಬೇಕು, ಕಣಿವೇಲಾ?"

ಶೌಕತ್ ಬಲಗೈ ಎತ್ತಿ ಟಿಪ್ಪರಿನ ಮುಂದೆ ನಿಂತ. ಜೀಪಿನಿಂದ ಜಾಕ್ ರಾಡು ಹಿರಿದ ಮನೋಹರ, ಎತ್ತಿದ ಆ ಕೈಗೇ ಬೀಸಿದ. ಮೂಳೆ ಲಟಕ್ಕೆಂದಿತು. ಬಿದ್ದವನ ಬೆನ್ನಿಗೆ ಮತ್ತೆರಡು ಬಿದ್ದವು. ಟಿಪ್ಪರು ಬಾವುಟವನ್ನು ಅರೆದುಕೊಂಡು ಇಳಿಯಿತು. ಮಣ್ಣಿಗೆ ಕೆನ್ನೆಯಿಟ್ಟೇ ಶೌಕತ್ ಕೆಳಗಿನ ತಿರುವಿನಿಂದ ಬಂದ ಡಿಕ್ಕಿಯ ಸದ್ದು ಕೇಳಿದ. ಎದುರು ಬಂದ ಕೊನೆಯ ಲಾರಿ ಗುಡ್ಡದ ಬದಿಯ ಧರೆಗೆ ಉಜ್ಜಿಕೊಂಡು ಹೇಗೋ ಉಳಿಯಿತು. ಹಿಂದಿದ್ದ ಮಂಜ ಉಳಿಯಲಿಲ್ಲ. ಟಿಪ್ಪರಿನ ಚಕ್ರದಡಿಯಿಂದ ಅವನನ್ನು ಕೆರೆದು ತೆಗೆಯಬೇಕಾಯಿತು. ಟೊಂಗೆಯ ಎಲೆ ಇನ್ನೂ ಬಾಡಿರಲಿಲ್ಲ.

"ಆಕ್ಸಿಡೆಂಟು" ಎಂದ ಗುತ್ತಿಗೆದಾರ.

ಗ್ಯಾರೇಜಿನ ಶೆಡ್ಡಿನಲ್ಲಿ ಸಂಘದ ಸಭೆ ಕೂಡಿತು. ಏನೂ ಆಗದವನಂತೆ ಮನೋಹರ ಅಧ್ಯಕ್ಷನ ಕುರ್ಚಿಯಲ್ಲೇ ಕೂತಿದ್ದ. ಸ್ಪ್ಯಾನರ್ ಹಿಡಿದು ಎದ್ದವರನ್ನು ಶೌಕತ್ ತಡೆದ.

"ಮೊದ್ಲು ಕೈ ಎತ್ರಿ. ಇವನನ್ನ ಇಳಿಸೋದು ಓಟಿಂದ. ಇಲ್ದಿದ್ರೆ ಇವನಿಗೂ ನಮಗೂ ಎಂತ ಫರಕು?"

ಕೈಗಳು ಎದ್ದವು. ಪ್ಲಾಸ್ಟರಿನ ಬಲಗೈ ಮಡಿಲಲ್ಲಿಟ್ಟು ಶೌಕತ್ ಎಡಗೈ ಎತ್ತಿದ. ಅಧ್ಯಕ್ಷಗಿರಿ ಮುಗಿಯಿತು.

"ಆಯ್ತಲ, ನಾ ಹೊಂಟೆ" ಎಂದು ಮನೋಹರ ಎದ್ದ.

ಮಂಜನ ಅಣ್ಣ ಗೋವಿಂದ ಬಾಗಿಲ ಚಿಲಕ ಹಾಕಿದ. ಮೊದಲ ಏಟು ಬಾಯಿಗೇ. ಹಲ್ಲು ಸಿಮೆಂಟಿನ ಮೇಲೆ ಉರುಳಿತು. ಆಮೇಲೆ ಬಿದ್ದವು ಯಾರ ಏಟೆಂದು ಹೇಳುವಂತಿರಲಿಲ್ಲ.

"ಶೌಕತ್, ನಿಲ್ಸೋ!" ಮನೋಹರ ಕೂಗಿದ.

ಕೆಲವರು ತಿರುಗಿ ನೋಡಿದರು ಕೂಡ. ಅವನು ಕೈ ಎತ್ತಿದರೆ ನಿಲ್ಲುವುದು ಅವರಿಗೆ ಅಭ್ಯಾಸ. ಎಡಗೈ ಗಟ್ಟಿಯಾಗಿಯೇ ಇತ್ತು. ಶೌಕತ್ ಅದನ್ನು ತೊಡೆಯಡಿ ಒತ್ತಿಕೊಂಡು ಕೂತ.